ಟೂಲಿ ಮಂಜು: ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ಕಣಿವೆಗಿಳಿದು ಕಾರು ಓಡಿಸುವವರಿಗೆ

ಮಡಿಕೇರಿ, ಚಾರ್ಮಾಡಿ ಮಂಜಿನಲ್ಲಿ ಓಡಿಸಿ ಬಂದವರಿಗೆ ಇಲ್ಲಿಯದೇನು ಮಹಾ ಅನ್ನಿಸಬಹುದು. ಘಾಟಿಯಲ್ಲಿ ತಿರುವುಗಳೇ ನಿಮ್ಮ ವೇಗ ಇಳಿಸುತ್ತವೆ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಐ-5 ಹೆದ್ದಾರಿ ಸರಳರೇಖೆಯ ಹಾಗೆ ಬಿದ್ದಿದೆ, ಗಂಟೆಗೆ 70 ಮೈಲಿಯ ವೇಗಮಿತಿಯ ಬೋರ್ಡಿದೆ, ಪಕ್ಕದಲ್ಲಿ ಲಾರಿಗಳು ಓಡುತ್ತಿರುತ್ತವೆ. ನಿಧಾನಿಸು ಎಂದು ರಸ್ತೆ ಹೇಳುವುದೇ ಇಲ್ಲ. 2007ರ ನವೆಂಬರ್ 3ರಂದು ಫ್ರೆಸ್ನೊ ಬಳಿ ಹೈವೇ 99ರಲ್ಲಿ ಇಂಥದೇ ಮಂಜಿನಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು, ಇಬ್ಬರು ಸತ್ತರು.

ಜೌಗಿನಲ್ಲಿ ಬೆಳೆಯುವ ಟೂಲಿ ಎಂಬ ಜೊಂಡುಹುಲ್ಲಿನಿಂದ ಈ ಮಂಜಿಗೆ ಹೆಸರು ಬಂದಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಇದರ ಕಾಲ. ಮಳೆ ಬಂದು ನೆಲ ನೆನೆದು, ಮರುರಾತ್ರಿ ಆಕಾಶ ತಿಳಿಯಾಗಿ ಗಾಳಿ ನಿಂತಿತೆಂದರೆ ಬೆಳಗಿನ ಜಾವಕ್ಕೆ ಮಂಜು ಖಂಡಿತ ಎಂದುಕೊಳ್ಳಿ. ನೆಲ ತಣ್ಣಗಾಗಿ ಮೇಲಿನ ತೇವದ ಗಾಳಿಯನ್ನೂ ತಣಿಸುತ್ತದೆ. ಎರಡೂ ಬದಿ ಬೆಟ್ಟವಿರುವುದರಿಂದ ಆ ಗಾಳಿ ಬಟ್ಟಲಲ್ಲಿ ಹಾಲಿನಂತೆ ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಗೋಲ್ಡನ್ ಗೇಟ್ ಸೇತುವೆ ಮೇಲೆ ತೇಲುವುದು ಸಮುದ್ರದಿಂದ ಬರುವ ಮಂಜು, ಅದರ ಸಂಗತಿಯೇ ಬೇರೆ.

ಹೊರಡುವ ಹೊತ್ತು

ಕ್ರಿಸ್‌ಮಸ್ ರಜೆಯಲ್ಲಿ ಲಾಸ್ ಏಂಜಲೀಸ್‌ಗೆ ಹೋಗುವವರು ಟ್ರಾಫಿಕ್ ತಪ್ಪಿಸಲೆಂದು ನಸುಕಿನ ನಾಲ್ಕಕ್ಕೇ ಹೊರಡುತ್ತಾರೆ. 580 ಹೆದ್ದಾರಿಯಲ್ಲಿ ಆಲ್ಟಮಾಂಟ್ ಗುಡ್ಡ ದಾಟಿ, ಇಲ್ಲವೇ ಗಿಲ್ರಾಯ್ ಕಡೆಯಿಂದ 152ರಲ್ಲಿ ಪಚೇಕೊ ಪಾಸ್ ದಾಟಿ ಕೆಳಗಿಳಿಯುವಾಗ ಮಂಜು ಅತಿ ದಟ್ಟವಾಗಿರುವ ಹೊತ್ತಿಗೇ ಸಿಕ್ಕಿಬೀಳುತ್ತಾರೆ. ಚಳಿಗಾಲದಲ್ಲಿ ತಿಂಡಿ ತಿಂದು ಒಂಬತ್ತರ ಮೇಲೆ ಹೊರಡಿ ಎಂಬುದು ನಮ್ಮ ಸಲಹೆ. ಕಣಿವೆಗೆ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಮಂಜು ಕರಗಿರುತ್ತದೆ. ಕೆಲವು ದಿನ ಮಧ್ಯಾಹ್ನವಾದರೂ ಕರಗುವುದಿಲ್ಲ. ಹಾಗಾಗಿ ಮನೆಯಲ್ಲೇ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆ ತೆರೆದು ದಾರಿಯ ಕ್ಯಾಮೆರಾ ಚಿತ್ರ ನೋಡಿ. ಹವಾಮಾನ ಇಲಾಖೆಯ ದಟ್ಟ ಮಂಜಿನ ಎಚ್ಚರಿಕೆಗೆ ಅಳತೆ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಗೋಚರತೆ. ಅದಿದ್ದರೆ ಪ್ರಯಾಣ ಮುಂದೂಡಿ.

ದೀಪಗಳು

ಹೊಸಬರು ಎಡವುವುದು ಇಲ್ಲಿ. ಹೆಡ್‌ಲೈಟ್ 'ಆಟೋ'ದಲ್ಲಿದ್ದರೆ ಸೆನ್ಸರ್ ಅಳೆಯುವುದು ಬೆಳಕನ್ನು, ಮಂಜನ್ನಲ್ಲ. ಹಗಲಿನ ಮಂಜು ಬೆಳ್ಳಗೆ ಹೊಳೆಯುತ್ತಿರುತ್ತದೆ, ಸೆನ್ಸರ್‌ಗೆ ಅದು ಒಳ್ಳೆಯ ಬಿಸಿಲೇ. ಹಗಲಲ್ಲಿ ತಾನಾಗಿ ಹತ್ತುವ ಮುಂದಿನ ಹಗಲುದೀಪ ಉರಿಯುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತದೆ, ದೀಪ ಹಾಕಿದ್ದೇನೆ ಎಂದು ನೀವು ನಂಬುತ್ತೀರಿ. ಬಹಳಷ್ಟು ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಆರಿಯೇ ಇರುತ್ತದೆ. ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದಿಲ್ಲ. ಗುಬುಟನ್ನು ಕೈಯಾರೆ ಲೋ ಬೀಮ್‌ಗೆ ತಿರುಗಿಸಿ. ಯಾವ ಸ್ಥಾನದಲ್ಲಿ ಹಿಂದಿನ ದೀಪ ಉರಿಯುತ್ತದೆಂದು ಮನೆ ಮುಂದೆಯೇ, ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ, ಒಮ್ಮೆ ನೋಡಿಕೊಳ್ಳಿ.

ಸಾವಿರ ಅಡಿ ದೂರದ ಮನುಷ್ಯ ಅಥವಾ ವಾಹನ ಸ್ಪಷ್ಟವಾಗಿ ಕಾಣದಿದ್ದರೆ ಹಗಲಲ್ಲೂ ಹೆಡ್‌ಲೈಟ್ ಹಾಕುವುದು ಇಲ್ಲಿ ಕಾನೂನು. ಪಾರ್ಕಿಂಗ್ ಲೈಟ್ ಒಂದನ್ನೇ ಹಾಕಿಕೊಂಡು ಓಡಿಸುವಂತಿಲ್ಲ. ಹೈ ಬೀಮ್ ಹಾಕಿದರೆ ಹನಿಗಳಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಊರಿನ ರೂಢಿಯನ್ನೂ ಬಿಡಿ: ಕಾರು ನಿಂತಿದೆಯೋ ಓಡುತ್ತಿದೆಯೋ ಹಿಂದಿನವರಿಗೆ ತಿಳಿಯದು, ನೀವು ಲೇನ್ ಬದಲಿಸುವುದೂ ಗೊತ್ತಾಗದು.

ಹಳೆಯ ಕಾರು ಕೊಂಡಿದ್ದರೆ ಹೆಡ್‌ಲೈಟಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿದೆಯೇ ನೋಡಿ. ಉಜ್ಜಿ ತಿಳಿಮಾಡುವ ಕಿಟ್ ಆಟೋ ಅಂಗಡಿಗಳಲ್ಲಿ ಸಿಗುತ್ತದೆ.

ಎಷ್ಟು ವೇಗ?

ಬೋರ್ಡಿನಲ್ಲಿ 70 ಇದ್ದರೂ, ಆ ಹೊತ್ತಿನ ಸ್ಥಿತಿಗೆ ಅದು ಹೆಚ್ಚಾದರೆ ತಪ್ಪು ನಿಮ್ಮದೇ ಎನ್ನುತ್ತದೆ ಇಲ್ಲಿನ ಕಾನೂನು. ರಸ್ತೆಯ ಬಿಳಿ ಗೆರೆಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಫ್ರೀವೇಯಲ್ಲಿ ಒಂದು ತುಂಡುಗೆರೆ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 40ರಿಂದ 48 ಅಡಿ. ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯ ಕೈಪಿಡಿಯ ಪ್ರಕಾರ 55 ಮೈಲಿ ವೇಗದ ಕಾರು ನಿಲ್ಲಲು ಸುಮಾರು 400 ಅಡಿ ಬೇಕು, 35ಕ್ಕೆ 210 ಅಡಿ. ಮುಂದೆ ಹತ್ತು ಗೆರೆ ಕಂಡರೆ 50, ಐದೇ ಕಂಡರೆ 30ಕ್ಕಿಂತ ಮೇಲೆ ಹೋಗಬೇಡಿ. ಎರಡೇ ಕಾಣುತ್ತಿದ್ದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದುಬಿಡಿ. ಒಮ್ಮೆಗೇ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಮೆಲ್ಲಗೆ ಇಳಿಸಿ.

ಪಕ್ಕದ ಮರ ಕಂಬ ಕಾಣದಾಗ 60 ಕೂಡ 40ರಂತೆ ಭಾಸವಾಗುತ್ತದೆ, ಆದ್ದರಿಂದ ಸ್ಪೀಡೋಮೀಟರಿನ ಮುಳ್ಳನ್ನು ಆಗಾಗ ನೋಡುತ್ತಿರಿ. ಕ್ರೂಸ್ ಕಂಟ್ರೋಲ್ ಬೇಡ. ಲೇನ್ ಹಿಡಿಯುವ ಕ್ಯಾಮೆರಾಗೂ ನಿಮ್ಮಷ್ಟೇ ಮಬ್ಬು. ಬಲಬದಿಯ ಅಂಚಿನ ಬಿಳಿಗೆರೆ ನೋಡಿಕೊಂಡು ಹೋಗಿ. ಮುಂದಿನ ಕಾರಿನ ಕೆಂಪು ದೀಪಕ್ಕೆ ಅಂಟಿಕೊಂಡರೆ ಅದು ನಿಂತಾಗ ನಿಮಗೆ ನಿಲ್ಲಲು ಜಾಗವಿರುವುದಿಲ್ಲ. ಹೈವೇ ಪ್ಯಾಟ್ರೋಲ್ ಪೊಲೀಸರ ಕಾರು ಮುಂದೆ ನಿಧಾನವಾಗಿ ಸಾಗುತ್ತಾ ಸಾಲನ್ನು ನಡೆಸುತ್ತಿದ್ದರೆ ಅದನ್ನು ದಾಟಿ ಹೋಗಬೇಡಿ.

ಗಾಜು ಒಳಗಿನಿಂದ ಮಸುಕಾದರೆ ಡಿಫ್ರಾಸ್ಟ್ ಜೊತೆಗೆ ಎಸಿ ಹಾಕಿ. ಗಾಳಿಯ ತೇವ ಹೀರುವುದು ಎಸಿಯೇ. ಬೆಂಗಳೂರಿನ ಧೂಳಿಗೆಂದು ಒಳಗಾಳಿ ಸುತ್ತಿಸುವ ಗುಂಡಿಯನ್ನು ಸದಾ ಒತ್ತಿಟ್ಟವರು ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಐದು ಜನರ ಉಸಿರು ಗಾಜಿಗೇ ಹೋಗಿ ಕೂರುತ್ತದೆ.

ಮೌಂಟನ್ ಹೌಸ್, ಟ್ರೇಸಿ ಕಡೆಯ ಹಳ್ಳಿ ರಸ್ತೆಗಳ ಕ್ರಾಸಿನಲ್ಲಿ ರೇಡಿಯೊ ಆರಿಸಿ, ಕಿಟಕಿ ಇಳಿಸಿ ಕಿವಿಗೊಡಿ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ಲಾರಿ ಸಿಗುತ್ತದೆ.

ಕಾರು ಕೆಟ್ಟು ನಿಂತರೆ

ಆದಷ್ಟು ಬಲಕ್ಕೆ, ರಸ್ತೆ ಬಿಟ್ಟು ಪೂರ್ತಿ ಹೊರಗೆ ನಿಲ್ಲಿಸಿ. ಆಮೇಲೆ ದೀಪ ಆರಿಸಿ, ಬ್ರೇಕ್ ಮೇಲಿನ ಕಾಲು ತೆಗೆಯಿರಿ. ವಿಚಿತ್ರ ಅನ್ನಿಸಿದರೂ ಕ್ಯಾಲ್‌ಟ್ರಾನ್ಸ್ ಹೇಳುವುದು ಇದನ್ನೇ: ಮಂಜಿನಲ್ಲಿ ಬರುವವರು ಕೆಂಪು ದೀಪವನ್ನೇ ರಸ್ತೆಯೆಂದು ಹಿಂಬಾಲಿಸಿ ನೇರ ಬಂದು ಗುದ್ದುತ್ತಾರೆ. ಎಲ್ಲರೂ ಬಲಬದಿಯ ಬಾಗಿಲಿನಿಂದ ಇಳಿದು ಕಾರಿನಿಂದ ದೂರ, ತಡೆಬೇಲಿಯಿದ್ದರೆ ಅದರ ಆಚೆ ನಿಂತು 911ಕ್ಕೆ ಕರೆ ಮಾಡಿ. ದಾಟಿ ಬಂದ ಕೊನೆಯ ಎಕ್ಸಿಟ್‌ನ ಹೆಸರು, ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಮೊದಲು ಹೇಳಿ. ಮಕ್ಕಳ ಜಾಕೆಟ್ಟುಗಳನ್ನು ಡಿಕ್ಕಿಯಲ್ಲಿ ಹಾಕಬೇಡಿ, ಸೀಟಿನ ಮೇಲೇ ಇರಲಿ.