ಮನೆ ಪ್ರಾರ್ಥನೆಯಲ್ಲಿ ಹದಿನೈದು ನಿಮಿಷ ವಾಕ್ಯ ಹೇಳುವವರಿಗೆ

ಮಂಗಳವಾರ ಸಂಜೆ ಏಳು ಗಂಟೆ. ಎಸ್ಟೇಟಿನ ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಮುಂದಿನ ಕೋಣೆ. ಚಾಪೆಯ ಮೇಲೆ ಹದಿನೈದು ಹದಿನೆಂಟು ಜನ, ಬಾಗಿಲಾಚೆ ಚಪ್ಪಲಿಗಳ ರಾಶಿ, ಒಳಗೆ ಒಂದೇ ಬಲ್ಬು. ಬೆಳಿಗ್ಗೆಯಿಂದ ಕಾಫಿ ಕೊಯ್ದು, ಮೂಟೆ ತೂಗಿಸಿ, ಮಿಂದು ಬಂದು ಕುಳಿತವರು. ಅವರ ಮುಂದೆ ದೇವರ ವಾಕ್ಯ ಹೇಳಬೇಕೆಂದು ಸಭಾಪಾಲಕರು ನಿಮಗೆ ಮೊದಲ ಸಲ ಹೇಳಿದ್ದಾರೆ ಎಂದುಕೊಳ್ಳಿ. ನಮ್ಮ ಸಭೆಯ ಹುಡುಗ ಹುಡುಗಿಯರಿಗೆ ಈಗ ಈ ಸರದಿ ಬರುತ್ತಿದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೂಡಿಗೆರೆ ಸೀಮೆಯ ತೋಟವೊಂದರಲ್ಲಿ ನಾನು ಮೂವತ್ತೊಂದು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಹಗಲೆಲ್ಲ ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು, ವಾರಕ್ಕೊಂದು ಸಂಜೆ ವಾಕ್ಯ ಹೇಳಿದವನು. ದೇವಶಾಸ್ತ್ರ ಓದಿದವನಲ್ಲ. ನನಗೆ ಗೊತ್ತಿರುವುದು ಈ ಮನೆಗಳು ಮತ್ತು ಈ ಪುಸ್ತಕ, ನಮ್ಮ ಸತ್ಯವೇದ (ಬೈಬಲ್).

ಒಂದೇ ಭಾಗ ಆರಿಸಿಕೊಳ್ಳಿ. ಎಂಟು ಹತ್ತು ವಚನ ಸಾಕು. ಆದಿಕಾಂಡದಿಂದ ಪ್ರಕಟನೆಯವರೆಗೆ ಹಾರಾಡುವ ಪ್ರಸಂಗವನ್ನು ಬಾಷ್ಪ ತುಂಬಿ ಕೇಳಿದವರೂ ಮರುದಿನ ಬೆಳಿಗ್ಗೆ ಹಾಜರಿ ಹಾಕುವಾಗ ಏನು ಕೇಳಿದೆವೆಂದು ಹೇಳಲಾರರು. ಒಂದು ಭಾಗವನ್ನು ನೆಟ್ಟಗೆ ಹೇಳಿದರೆ ಓದು ಬಾರದ ಅಜ್ಜಿಯೂ ಅದನ್ನು ಮನೆಗೆ ಒಯ್ಯುತ್ತಾಳೆ. ಉದಾಹರಣೆಗೆ, ಬೆಟ್ಟಗಳ ಕಡೆಗೆ ಕಣ್ಣೆತ್ತುತ್ತೇನೆ, ನನ್ನ ಸಹಾಯ ಎಲ್ಲಿಂದ ಬರುತ್ತದೆ ಎಂದು ಶುರುವಾಗುವ ಕೀರ್ತನೆ 121ನ್ನೇ ಹಿಡಿಯೋಣ. ದೇವರ ಸಹಾಯದ ಬಗ್ಗೆ ಮಾತಾಡು ಎಂದಾಗ ಎಲ್ಲರೂ ಮೊದಲು ತೆರೆಯುವುದು ಇದನ್ನೇ. ನಾನು ದೊಡ್ಡದಾಗಿ ತಪ್ಪಿದ್ದೂ ಇದರಲ್ಲಿಯೇ. ಅದನ್ನು ಮುಂದೆ ಹೇಳುತ್ತೇನೆ.

ಬುಧವಾರದಿಂದ ಸೋಮವಾರದವರೆಗೆ ದಿನಕ್ಕೊಮ್ಮೆ ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಕಣ್ಣಿನಲ್ಲಿ ಓದಿದರೆ ಸಾಲದು, ಕಿವಿಗೆ ಬೀಳಬೇಕು. ನಮ್ಮ ಹಳೆಯ ಸತ್ಯವೇದದಲ್ಲಿ 'ಬರುವದು', 'ಮಾಡುವದು' ಎಂಬ ರೂಪಗಳಿವೆ. ಈಗಿನ ಮಕ್ಕಳು ಅಲ್ಲಿ ಎಡವುತ್ತಾರೆ. ಮನೆಯಲ್ಲೇ ಎಡವಿ ಮುಗಿಸಿದರೆ ಕೂಟದಲ್ಲಿ ನಾಲಿಗೆ ತಡವರಿಸುವುದಿಲ್ಲ. ಎರಡನೆಯ ದಿನ ಅದನ್ನು ನೋಟುಪುಸ್ತಕಕ್ಕೆ ಕೈಯಲ್ಲಿ ಬರೆದುಕೊಳ್ಳಿ. ಬರೆಯುವ ಕೈಗೆ ಕಾಣುವಂಥದ್ದು ಓದುವ ಕಣ್ಣಿಗೆ ಕಾಣುವುದಿಲ್ಲ. ಮೊದಲ ಎರಡು ವಚನಗಳಲ್ಲಿ 'ನಾನು' ಎನ್ನುವವನು ಮಾತಾಡುತ್ತಾನೆ, ಮೂರನೆಯದರಿಂದ ಯಾರೋ ಅವನಿಗೆ 'ನೀನು', 'ನಿನ್ನನ್ನು' ಎಂದು ಉತ್ತರ ಕೊಡುತ್ತಾರೆ. ಎಷ್ಟೋ ವರ್ಷ ಓದಿದ ಮೇಲೂ ಇದು ನನಗೆ ಹೊಳೆದದ್ದು ಬರೆಯುವಾಗಲೇ. ಹಾಗಾಗಿ ಕೂಟದಲ್ಲಿ ಈ ಕೀರ್ತನೆಯನ್ನು ಇಬ್ಬರಿಂದ ಓದಿಸಿ. ಮೊದಲೆರಡು ವಚನ ಒಬ್ಬರು, ಉಳಿದ ಆರು ಇನ್ನೊಬ್ಬರು. ಅಂಜಿದವನೊಬ್ಬ ಕೇಳುತ್ತಾನೆ, ಜೊತೆಗೆ ನಡೆಯುವವನೊಬ್ಬ ಧೈರ್ಯ ಹೇಳುತ್ತಾನೆ. ಅರ್ಧ ಪ್ರಸಂಗ ಅಲ್ಲೇ ಆಗಿಬಿಡುತ್ತದೆ.

ಆಮೇಲೆ ಪದ ಹುಡುಕಿ. ಎಂಟು ವಚನದ ಈ ಕೀರ್ತನೆಯಲ್ಲಿ 'ಕಾಯು' ಎಂಬ ಅರ್ಥದ ಇಬ್ರಿಯ (ಕೀರ್ತನೆಗಳ ಮೂಲಭಾಷೆ ಹೀಬ್ರೂ) ಮಾತು ಆರು ಸಲ ಬರುತ್ತದೆ. ನಮ್ಮ ಭಾಷಾಂತರದಲ್ಲಿ ಅದು ಕೆಲವೆಡೆ ಕಾಯುವುದು, ಕೆಲವೆಡೆ ಕಾಪಾಡುವುದು ಎಂದಾಗಿದೆ. ಕಾಯು ಎಂಬುದರಿಂದಲೇ ನಮ್ಮ ಕಾವಲು ಬಂದದ್ದು. ಕಾವಲು ಎಂದರೇನೆಂದು ಲೈನ್ ಮನೆಯವರಿಗೆ ನೀವು ವಿವರಿಸಬೇಕಾಗಿಲ್ಲ. ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ರಾತ್ರಿ ಕಾವಲಿಗೆ ಒಬ್ಬ, ಅವನ ಪಕ್ಕದಲ್ಲೊಂದು ಬೆಂಕಿ, ಟಾರ್ಚು, ಮಡಿಸಿಟ್ಟ ಟಾರ್ಪಾಲು. ನಾನು ಬೆಳಗಿನ ಜಾವ ಮೂರಕ್ಕೆ ಕಣಕ್ಕೆ ಹೋಗಿ ನೋಡಿದ್ದೇನೆ. ಇಡೀ ರಾತ್ರಿ ನಿಷ್ಠೆಯಿಂದ ಕೂತವನ ತಲೆ ಆ ಹೊತ್ತಿಗೆ ಮೆಲ್ಲಗೆ ಮುಂದಕ್ಕೆ ಓಲುತ್ತದೆ, ಬೆಚ್ಚಿ ಮೇಲೇಳುತ್ತದೆ, ಮತ್ತೆ ಓಲುತ್ತದೆ. ತೂಕಡಿಸು ಎಂಬ ಮಾತು ತೂಗು ಎಂಬುದರ ಬಳಗದ್ದು. ತಕ್ಕಡಿ ತೂಗಿದ ಹಾಗೆ ತಲೆ ತೂಗುವುದು. ಮನುಷ್ಯನಾದವನು ತೂಕಡಿಸಲೇಬೇಕು. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ ಎಂದು ಕೀರ್ತನೆ ಹೇಳುವಾಗ ಆ ಬೆಳಗಿನ ಜಾವದ ಕಣ ನನ್ನ ಕಣ್ಣ ಮುಂದೆ ಬರುತ್ತದೆ. ನಿಮ್ಮ ದೃಷ್ಟಾಂತ ಹೀಗೆ ಕೇಳುವವರ ಅಂಗಳದಿಂದಲೇ ಬರಲಿ. ಮೊಬೈಲಿನಲ್ಲಿ ಕೇಳಿದ ದೊಡ್ಡ ಬೋಧಕರ ವಿಮಾನದ ಕಥೆ, ಹಡಗಿನ ಕಥೆ ಬೇಡ. ಶೆಟ್ಟಿಹಳ್ಳಿಯ ಚರ್ಚಿನ ಬಗ್ಗೆಯೂ ಒಂದು ಮಾತು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ, ಈಗ ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಗೋಡೆಗಳನ್ನು ಹಾಸನದ ಕಡೆಯವರು ಎಷ್ಟು ಪ್ರಸಂಗಗಳಲ್ಲಿ ಬಳಸಿದ್ದಾರೆಂದರೆ ಕೇಳುವವರ ಕಿವಿ ದಣಿದಿದೆ. ಹಿನ್ನೀರಿನಿಂದಾಗಿ ಅಲ್ಲಿಂದ ಊರು ಬಿಟ್ಟು ಎದ್ದು ಹೋದವರ ಮಾತು ಎತ್ತುವುದಾದರೆ ಮಾತ್ರ ಎತ್ತಿ.

ಹಿನ್ನೆಲೆ ಸ್ವಲ್ಪ ತಿಳಿದಿರಬೇಕು, ಎಲ್ಲವನ್ನೂ ಹೇಳಬಾರದು. ಕೀರ್ತನೆ 120ರಿಂದ 134ರವರೆಗಿನ ಹದಿನೈದಕ್ಕೆ ಯಾತ್ರಾಗೀತೆ ಎಂಬ ತಲೆಬರಹವಿದೆ. ಹಬ್ಬಕ್ಕೆ ಯೆರೂಸಲೇಮಿಗೆ ಹತ್ತಿ ಹೋಗುವವರು ಹಾಡುತ್ತಿದ್ದರೆಂದು ಹೇಳುತ್ತಾರೆ. ಯೆರಿಕೋ ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿದೆ, ಯೆರೂಸಲೇಮು ಸುಮಾರು 750 ಮೀಟರ್ ಎತ್ತರದಲ್ಲಿ. ಅಂದರೆ ಒಟ್ಟು ಸಾವಿರ ಮೀಟರಿನ ಏರು. ಉಜಿರೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದ ಹಾಗೆ ಎನ್ನಿ, ಆದರೆ ಮರದ ನೆರಳಿಲ್ಲ, ನೀರಿನ ಝರಿಯಿಲ್ಲ, ಕಳ್ಳರ ಭಯ ಬೇರೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಆ ಮನುಷ್ಯ ಕಳ್ಳರ ಕೈಗೆ ಸಿಕ್ಕಿದ್ದು ಇದೇ ದಾರಿಯಲ್ಲಿ. ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಬಾತುಕೊಂಡ ಪಾದ, ಪಾದಕ್ಕೆ ಸುತ್ತಿದ ಬಟ್ಟೆ, ಹೆಗಲಿಗೊಂದು ಚೀಲ. ಈ ಕೀರ್ತನೆಯನ್ನು ಹಾಡಿದವರ ಪಾದವೂ ಹಾಗೆಯೇ ಇತ್ತು ಎಂದು ನಾನು ಹೇಳುತ್ತೇನೆ. ಕೂಟಕ್ಕೆ ಪಕ್ಕದ ಮನೆಯ ಬೇರೆ ನಂಬಿಕೆಯವರೂ ಬಂದು ಕುಳಿತಿರುತ್ತಾರೆ. ಅವರ ದೇವರ ಬಗ್ಗೆ, ಅವರ ಪೂಜೆಯ ಬಗ್ಗೆ ಒಂದು ಹಗುರ ಮಾತೂ ನಿಮ್ಮ ಬಾಯಿಂದ ಬರಕೂಡದು.

ಇನ್ನು ನನ್ನ ತಪ್ಪು. ಹತ್ತೊಂಬತ್ತು ವರ್ಷಗಳ ಹಿಂದಿನ ಮಾತು. ನಮ್ಮ ತೋಟದ ಒಬ್ಬ ಆಳು ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಮರದಿಂದ ಬಿದ್ದು ಹಾಸನದ ಆಸ್ಪತ್ರೆಯಲ್ಲಿದ್ದ. ಅವನ ಮನೆಯಲ್ಲಿ ಪ್ರಾರ್ಥನೆ ಇಟ್ಟರು. ನಾನು ಕೀರ್ತನೆ 121 ತೆರೆದೆ. ಕರ್ತನು ನಿನ್ನ ಪಾದ ಕದಲಗೊಡುವುದಿಲ್ಲ ಎಂದು ಮೂರನೆಯ ವಚನ ಓದಿ, ನಿಮ್ಮ ಯಜಮಾನ ಖಂಡಿತ ಎದ್ದು ಬರುತ್ತಾನೆ, ಹೆದರಬೇಡಿ ತಂಗಿ, ಎಂದು ಧ್ವನಿ ಏರಿಸಿ ಹೇಳಿದೆ. ಎಲ್ಲರೂ ಆಮೆನ್ ಎಂದರು. ನಾಲ್ಕನೆಯ ದಿನ ಅವನು ತೀರಿಕೊಂಡ.

ಆಕೆ ನನ್ನನ್ನು ಬೈಯಲಿಲ್ಲ. ಎರಡು ತಿಂಗಳ ಮೇಲೆ ಬಟವಾಡೆಯ ದಿನ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳುತ್ತಾ ಕೇಳಿದಳು: "ರೈಟರಣ್ಣ, ಕಾಲು ಜಾರಗೊಡುವುದಿಲ್ಲ ಎಂದು ಓದಿದಿರಿ. ಇವರ ಕಾಲು ಜಾರಿಯೇ ಅಲ್ಲವೇ ಇದೆಲ್ಲ ಆದದ್ದು?"

ನನ್ನ ಬಳಿ ಉತ್ತರವಿರಲಿಲ್ಲ. ಮರದಿಂದ ಕಾಲು ಜಾರಿ ಬಿದ್ದವನ ಮನೆಯಲ್ಲಿ ಕುಳಿತು ಆ ವಚನ ಓದುವಾಗ ಅದು ಆ ಮನೆಯ ಕಿವಿಗೆ ಹೇಗೆ ಕೇಳಿಸುತ್ತದೆಂದು ನಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅಷ್ಟೇ ಅಲ್ಲ, ಅವನು ಎದ್ದು ಬರುತ್ತಾನೆ ಎಂಬ ಮಾತು ಕೀರ್ತನೆಯಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿದವನು ನಾನು. ದೇವರು ಕೊಡದ ಮಾತನ್ನು ದೇವರ ಹೆಸರಿನಲ್ಲಿ ಕೊಟ್ಟಿದ್ದೆ.

ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ. ಯಾರ ಮನೆಯಲ್ಲಿ ಕೂಟವೋ ಆ ಮನೆಗೆ ಒಂದು ದಿನ ಮೊದಲೇ ಹೋಗಿ ಹತ್ತು ನಿಮಿಷ ಕುಳಿತು ಬನ್ನಿ. ಕಾಯಿಲೆ, ಸಾಲ, ಪರೀಕ್ಷೆ, ಜಗಳ, ಏನಿದೆ ಎಂದು ತಿಳಿದ ಮೇಲೆ ನಿಮ್ಮ ಭಾಗವನ್ನು ಆ ಮನೆಯವರ ಕಿವಿಯಿಂದ ಮತ್ತೊಮ್ಮೆ ಓದಿ. ಎರಡನೆಯದು, ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಈ ಭಾಗ ಏನು ಹೇಳುತ್ತದೆ, ಬಲಕ್ಕೆ ಏನು ಹೇಳುವುದಿಲ್ಲ. ಕೀರ್ತನೆ 121ಕ್ಕೆ ನನ್ನ ಹಾಳೆಯ ಎಡದಲ್ಲಿ ಹೀಗಿದೆ: ಸಹಾಯ ಭೂಮ್ಯಾಕಾಶಗಳನ್ನು ಉಂಟುಮಾಡಿದವನಿಂದ ಬರುತ್ತದೆ, ಆತ ಎಚ್ಚರವಾಗಿದ್ದಾನೆ, ಬಲಗಡೆ ನೆರಳಾಗಿದ್ದಾನೆ, ಹೋಗುವಾಗಲೂ ಬರುವಾಗಲೂ ಕಾಯುತ್ತಾನೆ, ಇಂದಿನಿಂದ ಸದಾಕಾಲಕ್ಕೂ. ಬಲದಲ್ಲಿ: ಬಿಸಿಲೇ ಇರುವುದಿಲ್ಲ ಎಂದಿಲ್ಲ, ದಾರಿಯಲ್ಲಿ ಕಲ್ಲಿಲ್ಲ ಎಂದಿಲ್ಲ, ಯಾತ್ರಿಕ ಸಾಯುವುದಿಲ್ಲ ಎಂದಿಲ್ಲ. ಬಲಬದಿಯಲ್ಲಿ ಬರೆದದ್ದನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆದರೆ ಅದನ್ನು ಮೀರಿ ಮಾತು ಕೊಡಬೇಡಿ. ವಾಗ್ದಾನದ ವಚನವನ್ನು ಎಲ್ಲೆಂದರಲ್ಲಿ ಹಚ್ಚುವುದು ಎಷ್ಟು ಅಪಾಯವೆಂದರೆ, ಮತ್ತಾಯ 4ರಲ್ಲಿ ದೇವಾಲಯದ ತುದಿಯಲ್ಲಿ ನಿಂತು, ಕಾಲು ಕಲ್ಲಿಗೆ ತಗಲದಂತೆ ದೂತರು ನಿನ್ನನ್ನು ಎತ್ತಿಕೊಳ್ಳುವರು ಎನ್ನುವ ಕೀರ್ತನೆ 91ನ್ನು ಯೇಸುವಿಗೆ ಹೇಳಿ, ಕೆಳಗೆ ಧುಮುಕು ಎಂದವನು ಸೈತಾನ. ಮಾತ್ರೆ ನಿಲ್ಲಿಸಿ, ನಂಬಿಕೆಯೊಂದೇ ಸಾಕು ಎಂದು ಯಾರಿಗೂ ಎಂದೂ ಹೇಳಬೇಡಿ. ವೈದ್ಯರು ಬರೆದುಕೊಟ್ಟ ಚೀಟಿಯ ಮೇಲೆಯೇ ಕೈಯಿಟ್ಟು ಪ್ರಾರ್ಥಿಸಿ.

ಒಂದು ಭಾಗ ಭಾರವಾದಾಗ ಸತ್ಯವೇದದ ಇನ್ನೊಂದು ದನಿಯನ್ನು ಹುಡುಕಬೇಕು. ಆಕೆಯ ಪ್ರಶ್ನೆಯ ಮೇಲೆ ತಿಂಗಳುಗಟ್ಟಲೆ ಹುಡುಕಿದಾಗ ನನಗೆ ಕೀರ್ತನೆ 94ರ 18ನೆಯ ವಚನ ಸಿಕ್ಕಿತು. ನನ್ನ ಕಾಲು ಜಾರಿತು ಎಂದುಕೊಂಡಾಗ ಕರ್ತನ ಕೃಪೆ ನನ್ನನ್ನು ಹಿಡಿದುಕೊಂಡಿತು ಎನ್ನುತ್ತಾನೆ ಅಲ್ಲಿ ಹಾಡುವವನು. ಅಂದರೆ ಕಾಲು ಜಾರುವುದೂ ಈ ಪುಸ್ತಕಕ್ಕೆ ಗೊತ್ತಿದೆ. ಅಪೊಸ್ತಲರ ಕೃತ್ಯಗಳು 12ರಲ್ಲಿ ಅರಸ ಹೆರೋದನು ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ, ಅದೇ ಅಧ್ಯಾಯದಲ್ಲಿ ದೂತನು ಪೇತ್ರನನ್ನು ಸೆರೆಯಿಂದ ಬಿಡಿಸುತ್ತಾನೆ. ಅವನಿಗೇಕೆ ಹಾಗೆ, ಇವನಿಗೇಕೆ ಹೀಗೆ ಎಂದು ಆ ಪುಸ್ತಕ ಬರೆದ ಲೂಕನು ಬರೆದಿಲ್ಲ. ಬರೆಯದ್ದನ್ನು ನಾವು ಬರೆಯಬಾರದು. ನಾನು ಆಕೆಯ ಮನೆಗೆ ಹೋಗಿ, ತಂಗಿ, ಅಂದು ನಾನು ಕೊಟ್ಟ ಮಾತು ದೇವರದಲ್ಲ, ನನ್ನದು, ಕ್ಷಮಿಸು ಎಂದೆ. 94ನೆಯ ಕೀರ್ತನೆಯ ಆ ವಚನ ಓದಿದೆ. ಆಕೆ ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದಿಟ್ಟಳು. ಮುಂದಿನ ವಾರದ ಪ್ರಾರ್ಥನೆ ತನ್ನ ಮನೆಯಲ್ಲಿರಲಿ ಎಂದು ಸಭಾಪಾಲಕರಿಗೆ ಹೇಳಿ ಕಳಿಸಿದಳು.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದವು, ಚಾರ್ಮಾಡಿ ರಸ್ತೆ ಮುಚ್ಚಿತು. ಆ ತಿಂಗಳು ನಮ್ಮ ಜನ ಕಣ್ಣೆತ್ತಿ ಬೆಟ್ಟ ನೋಡುತ್ತಿದ್ದುದು ಸಹಾಯಕ್ಕಲ್ಲ, ಯಾವಾಗ ಮೈಮೇಲೆ ಬೀಳುತ್ತದೋ ಎಂದು. ಆಗ ಮೊದಲನೆಯ ವಚನದ ಕೊನೆಯಲ್ಲಿರುವ ಪ್ರಶ್ನೆ ನನಗೆ ಸರಿಯಾಗಿ ಕೇಳಿಸಿತು. ನನ್ನ ಸಹಾಯ ಎಲ್ಲಿಂದ ಬರುತ್ತದೆ? ಬೆಟ್ಟದಿಂದ ಎಂದು ಕೀರ್ತನೆ ಹೇಳುವುದಿಲ್ಲ, ಬೆಟ್ಟವನ್ನು ಉಂಟುಮಾಡಿದವನಿಂದ ಎನ್ನುತ್ತದೆ. ಕೀರ್ತನೆ 46ರಲ್ಲಂತೂ ಬೆಟ್ಟಗಳೇ ಸಮುದ್ರದಲ್ಲಿ ಮುಳುಗುತ್ತವೆ, ಆದರೂ ದೇವರು ಆಶ್ರಯವಾಗಿದ್ದಾನೆ. ಆ ಪ್ರಶ್ನೆಯನ್ನು ಓದಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಉತ್ತರಕ್ಕೆ ಅವಸರ ಮಾಡಬೇಡಿ. ಚಾಪೆಯ ಮೇಲೆ ಕುಳಿತವರೆಲ್ಲ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬಂದಿದ್ದಾರೆ.

ಹೇಳುವ ದಿನಕ್ಕೆ ಇಷ್ಟು ಸಾಕು. ಹಾಳೆಯ ಒಂದೇ ಮಗ್ಗುಲಲ್ಲಿ ದಪ್ಪ ಅಕ್ಷರದ ಹತ್ತು ಸಾಲು. ಮೊಬೈಲ್ ನೋಡಿ ಹೇಳಬೇಡಿ, ಅದರ ಬೆಳಕು ನಿಮ್ಮ ಮುಖಕ್ಕೆ ಬಿದ್ದರೆ ಎದುರಿನವರ ಮುಖ ನಿಮಗೆ ಕಾಣುವುದಿಲ್ಲ. ಕರೆಂಟು ಹೋದರೆ ನಿಲ್ಲಿಸಬೇಡಿ, ವಚನ ಬಾಯಿಪಾಠವಿದ್ದರೆ ಕತ್ತಲೆಯಲ್ಲಿಯೂ ಹೇಳಬಹುದು. ಒಂದು ವಚನವನ್ನು ಎಲ್ಲರಿಂದ ಮೂರು ಸಲ ಹೇಳಿಸಿ. ತುಳು, ತಮಿಳು ಮನೆಮಾತಿನವರಿದ್ದರೆ ಇನ್ನೊಂದು ಸಲ. ಹದಿನೈದು ನಿಮಿಷಕ್ಕೆ ಮುಗಿಸಿ. ಹಾಡು ಎರಡು, ಎಲ್ಲರಿಗೂ ಗೊತ್ತಿರುವವು.

ಪ್ರಾರ್ಥನೆಯ ನಂತರ ಎದ್ದು ಚಪ್ಪಲಿ ಹುಡುಕುವ ಮೊದಲು ಇನ್ನೊಂದು ಕೆಲಸವಿದೆ. ವಿಮೋಚನಕಾಂಡ 17ರಲ್ಲಿ, ಯುದ್ಧದಲ್ಲಿ ತನ್ನ ಜನ ಗೆಲ್ಲಲೆಂದು ಮೇಲೆತ್ತಿದ್ದ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಅವನ ಕೆಳಗೆ ಕಲ್ಲಿಟ್ಟು ಕೂರಿಸಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಅವನ ಕೈಗಳನ್ನು ಸೂರ್ಯ ಮುಳುಗುವವರೆಗೆ ಎತ್ತಿ ಹಿಡಿದರು. ಆ ಕೈಗಳು ಸ್ಥಿರವಾಗಿದ್ದವು ಎನ್ನುವಲ್ಲಿ ಇಬ್ರಿಯದಲ್ಲಿರುವ ಮಾತು, ಬೇರೆ ಕಡೆ ನಂಬಿಕೆ, ನಂಬಿಗಸ್ತಿಕೆ ಎಂದಾಗುವ ಅದೇ ಮಾತು. ನಾವು ಹೇಳುವ ಆಮೆನ್ ಕೂಡ ಅದೇ ಬೇರಿನದು. ಹಾಗಾಗಿ ಅಂದು ಯಾರ ಕಷ್ಟಕ್ಕಾಗಿ ಪ್ರಾರ್ಥಿಸಿದಿರೋ ಅವರ ಹೆಸರಿನ ಮುಂದೆ ಅಲ್ಲೇ ಇಬ್ಬರ ಹೆಸರು ಬರೆಯಿರಿ. ಆಸ್ಪತ್ರೆಗೆ ಜೊತೆಗೆ ಹೋಗುವವರೊಬ್ಬರು, ಮನೆಯ ಮಕ್ಕಳಿಗೆ ರಾತ್ರಿಯ ಊಟ ನೋಡುವವರೊಬ್ಬರು. ಮುಂದಿನ ಮಂಗಳವಾರ ಸತ್ಯವೇದ ತೆರೆಯುವ ಮೊದಲು ಆ ಇಬ್ಬರನ್ನು ಕೇಳಿ, ಹೋಗಿದ್ದಿರಾ ಎಂದು.