ಕನ್ನಡಿ ಹಿಂದಿನ ಅಕ್ಷರ ಓದೋಕೆ ಹೋಗಿ

ರೋಮನ್ನರಿಗಿಂತ ಮುಂಚೆ ಇಟಲಿಯಲ್ಲಿ ಮೆರೆದ ಎಟ್ರಸ್ಕನ್ನರ ಭಾಷೆ ಯಾರಿಗೂ ಪೂರ್ತಿ ಅರ್ಥ ಆಗಲ್ಲ, ಆದ್ರೆ ಜೋರಾಗಿ ಓದೋಕೆ ಮಾತ್ರ ಆಗುತ್ತೆ, ಯಾಕಂದ್ರೆ ಲಿಪಿ ಗ್ರೀಕರದ್ದು, ನೇಪಲ್ಸ್ ಕಡೆ ಬಂದು ನೆಲೆಸಿದ್ದ ಯೂಬಿಯಾ ದ್ವೀಪದ ಗ್ರೀಕರಿಂದ ಕಲ್ತಿದ್ದು. ಇದು ಗೊತ್ತಾದ ದಿನದಿಂದ ನಂಗೆ ಹುಚ್ಚು ಹಿಡೀತು. ಕಂಚಿನ ಕನ್ನಡಿಗಳ ಫೋಟೋ ಇಟ್ಕೊಂಡು ಶುರು ಮಾಡ್ದೆ, ಅವುಗಳ ಹಿಂಭಾಗದಲ್ಲಿ ಗ್ರೀಕ್ ಕಥೆಗಳ ಚಿತ್ರ ಕೊರೆದು ಪಕ್ಕದಲ್ಲಿ ಹೆಸರು ಬರ್ದಿರ್ತಾರೆ. ಮೊದಲ ಪದಾನೇ "ಎಲ್ಕ್ರೆಹ್" ಅಂತ ಓದಿ ಎರಡು ದಿನ ಡಿಕ್ಷನರಿ ಜಾಲಾಡಿದೆ. ಬಲದಿಂದ ಎಡಕ್ಕೆ ಓದ್ಬೇಕಿತ್ತು ಮಾರಾಯ್ರೆ, ಅದು ಹೆರ್ಕ್ಲೆ, ಅಂದ್ರೆ ಗ್ರೀಕ್ ಕಥೆಗಳ ವೀರ ಹೆರಾಕ್ಲೀಸ್.

ಆಮೇಲೆ ನೋಟ್‌ಬುಕ್ಕಲ್ಲಿ ಒಂದು ಕಡೆ ಗ್ರೀಕ್ ಹೆಸರು, ಇನ್ನೊಂದು ಕಡೆ ಎಟ್ರಸ್ಕನ್ನರು ಬರೆದ ರೂಪ ಬರೀತಾ ಹೋದೆ. ಅಲೆಕ್ಸಾಂದ್ರೊಸ್ ಇವರ ಬಾಯಲ್ಲಿ ಎಲ್ಕ್ಸ್‌ನ್‌ತ್ರೆ, ಪೊಲಿದ್ಯೂಕೆಸ್ ಹೋಗಿ ಪುಲ್ತುಕೆ. ಇವರಿಗೆ ಒ ಇಲ್ಲ, ಗ ದ ಬ ಇಲ್ಲ, ಉಚ್ಚಾರಣೆಯ ಒತ್ತೆಲ್ಲ ಮೊದಲ ಅಕ್ಷರಕ್ಕೆ ಬಿದ್ದು ನಡುವಿನ ಸ್ವರಗಳು ಮಾಯ. ನಮ್ಮಜ್ಜಿ ಸ್ಟೇಷನ್ನಿಗೆ ಟೇಸನ್ ಅಂತಿದ್ರಲ್ಲ ಹಾಗೆ, ಕಿವಿಗೆ ಬಿದ್ದಿದ್ದನ್ನ ತಮ್ಮ ನಾಲಿಗೆಗೆ ಒಗ್ಗಿಸ್ಕೊಂಡಿದಾರೆ. ರೋಮನ್ನರು ಗಾಯುಸ್ ಅನ್ನೋ ಹೆಸರನ್ನ ಚಿಕ್ಕದಾಗಿ ಬರೆಯುವಾಗ ಇಂಗ್ಲಿಷಿನ 'ಸಿ' ಅಕ್ಷರ ಹಾಕೋದಕ್ಕೂ ಇದೇ ಮೂಲ, ಕ-ಗ ಬೇರೆ ಮಾಡದ ಇವರ ಕೈದಾಟಿ ಅಕ್ಷರ ಅಲ್ಲಿಗೆ ಹೋಗಿದ್ದು.

ರೋಮ್‌ಗೆ ಹೋದಾಗ ಎಲ್ರೂ ಸಿಸ್ಟೈನ್ ಚಾಪೆಲ್ ಕಡೆ ಓಡ್ತಿದ್ರೆ ನಾನು ವ್ಯಾಟಿಕನ್ ಮ್ಯೂಸಿಯಂನ ಎಟ್ರಸ್ಕನ್ ವಿಭಾಗಕ್ಕೆ ನುಗ್ಗಿದೆ. ವುಲ್ಚಿ ಅನ್ನೋ ಎಟ್ರಸ್ಕನ್ ಊರಲ್ಲಿ ಸಿಕ್ಕ ಕನ್ನಡಿ, ರೆಕ್ಕೆ ಇರೋ ಗಡ್ಡದವನು ಬಗ್ಗಿ ಕೈಯಲ್ಲಿರೋ ಪಿತ್ತಜನಕಾಂಗ ನೋಡ್ತಿದಾನೆ. ತ್ರಿಶೂಲದ ಥರ ಇರೋ ಅಕ್ಷರ ಖ, ಅದು ಎರಡು ಸಲ ಬಂದಿದೆ: ಖಲ್ಖಸ್! ಟ್ರಾಯ್ ಯುದ್ಧದ ಗ್ರೀಕ್ ಕಣಿ ಹೇಳೋನು ಕಾಲ್ಖಸ್. ಹೆಸರು ಗ್ರೀಕರದ್ದು, ಆದ್ರೆ ಮಾಡ್ತಿರೋದು ಬಲಿ ಕೊಟ್ಟ ಕುರಿಯ ಲಿವರ್ ನೋಡಿ ಕಣಿ ಹೇಳೋ ಅಪ್ಪಟ ಎಟ್ರಸ್ಕನ್ ಪುರೋಹಿತನ ಕೆಲಸ. 1877ರಲ್ಲಿ ಇಟಲಿಯ ಪಿಯಾಚೆಂಜಾ ಹತ್ರ ಇದೇ ಕುರಿ ಲಿವರ್‌ನ ಎಟ್ರಸ್ಕನ್ ಕಂಚಿನ ಮಾಡೆಲ್ ಸಿಕ್ತು, ಮೈತುಂಬ ದೇವರ ಹೆಸರು, ಬ್ಯಾಬಿಲೋನಿನವರು ಎಟ್ರಸ್ಕನ್ನರು ಅದನ್ನ ಮಾಡೋಕೂ ಸಾವಿರಕ್ಕಿಂತ ಹೆಚ್ಚು ವರ್ಷ ಮುಂಚೆ ಮಣ್ಣಲ್ಲಿ ಇಂಥದ್ದೇ ಮಾಡಿದ್ರು. ನೇರ ಕಾಪಿ ಅಂತ ನಾನಂತೂ ಹೇಳಲ್ಲ.

ಮಾರನೇ ದಿನ ರೋಮ್‌ನ ಎಟ್ರಸ್ಕನ್ ಮ್ಯೂಸಿಯಂ ವಿಲ್ಲಾ ಜೂಲಿಯಾ. ಪಿರ್ಗಿ ಬಂದರಿನಲ್ಲಿ 1964ರಲ್ಲಿ ಸಿಕ್ಕ ಮೂರು ಚಿನ್ನದ ತಗಡು, ಎರಡು ಎಟ್ರಸ್ಕನ್, ಒಂದು ಫಿನೀಷಿಯನ್ (ಈಗಿನ ಲೆಬನಾನ್ ಕಡೆಯ ಕಡಲ ವ್ಯಾಪಾರಿಗಳ ಭಾಷೆ), ಸುಮಾರು ಕ್ರಿ.ಪೂ. 500ರದ್ದು. ಚೆರ್ವೆತೆರಿಯ ದೊರೆ ಥೆಫಾರಿಯೆ ವೆಲಿಯಾನಸ್ ಒಂದೇ ದೇವಿಯನ್ನ ಎಟ್ರಸ್ಕನ್ ಭಾಷೆಯಲ್ಲಿ ಉನಿ ಅಂತಾನೆ, ಫಿನೀಷಿಯನ್ ಭಾಷೆಯಲ್ಲಿ ಅಷ್ಟಾರ್ತೆ ಅಂತಾನೆ. ಫಿನೀಷಿಯನ್ ತಗಡಲ್ಲಿ ಮೂರು ಅನ್ನೋ ಪದ, ಪಕ್ಕದಲ್ಲೇ ಮೂರು ಗೆರೆ. ಎಟ್ರಸ್ಕನ್ ತಗಡಲ್ಲಿ ಅದೇ ಜಾಗಕ್ಕೆ "ಕಿ ಅವಿಲ್", ಮೂರು ವರ್ಷ. ಅಷ್ಟು ದಿನ ಬರೀ ಹೆಸರುಗಳನ್ನೇ ಓದ್ತಿದ್ದ ನಾನು ಅರ್ಥ ಸಮೇತ ಓದಿದ್ದು ಈ ಎರಡು ಪದ, ಗಾಜಿಗೆ ಮೂಗು ತಾಗೋವಷ್ಟು ಹತ್ರ ನಿಂತು ಗಾರ್ಡ್ ಹತ್ರ ಬೈಸ್ಕೊಂಡೆ.