ಕ್ಲೈಂಟ್ ಪ್ರೊಫೈಲ್ ನೋಡಿದ್ದಾಯಿತು, ಮುಂದೇನು?

ಹೊಸ ಕ್ಲೈಂಟ್ ಜತೆ ಮೀಟಿಂಗ್ ಇದ್ದರೆ ಬಹಳಷ್ಟು ಜನ ಅವರ ಹೆಸರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕುತ್ತಾರೆ. ಫೋಟೊ, ಹುದ್ದೆ ನೋಡಿ ಮುಚ್ಚಿಬಿಡುತ್ತಾರೆ. ಅಷ್ಟೇ ಆದರೆ ವಿಸಿಟಿಂಗ್ ಕಾರ್ಡ್ ನೋಡಿದ ಹಾಗಾಯಿತು. ಕೆಲಸಕ್ಕೆ ಬರುವ ವಿಷಯ ಇರುವುದು ಅದರ ಕೆಳಗೆ.

ಮೊದಲು ನಿಮ್ಮ ಪ್ರೊಫೈಲ್ ಸರಿ ಮಾಡಿಕೊಳ್ಳಿ. ನೀವು ನೋಡಿದ್ದು ಲಿಂಕ್ಡ್‌ಇನ್‌ನಲ್ಲಿ ಅವರಿಗೂ ಗೊತ್ತಾಗಬಹುದು, ಆಗ ಅವರೂ ನಿಮ್ಮನ್ನು ನೋಡುತ್ತಾರೆ. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ಅಲ್ಲಿ ಸುಮ್ನೆ ‘ಸೀನಿಯರ್ ಮ್ಯಾನೇಜರ್’ ಎಂದು ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಣ್ಣ ಉದ್ದಿಮೆಗಳ ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುತ್ತೇನೆ’ ಎಂದರೆ ತಿಳಿಯುತ್ತದೆ. ಗುರುತು ತೋರಿಸದೆ ನೋಡುವ ಸೆಟ್ಟಿಂಗ್ ಕೂಡ ಇದೆ. ಆದರೆ ಉಚಿತ ಖಾತೆಯಲ್ಲಿ ಅದನ್ನು ಹಾಕಿಕೊಂಡರೆ ನಿಮ್ಮನ್ನು ಯಾರು ನೋಡಿದರು ಎನ್ನುವುದು ನಿಮಗೂ ಕಾಣುವುದಿಲ್ಲ. ಕೆಲಸದ ವಿಷಯಕ್ಕೆ ನೋಡುವವರಿಗೆ ಬಚ್ಚಿಟ್ಟುಕೊಳ್ಳುವ ಅಗತ್ಯವೇನು?

ಎರಡನೆಯದು ಓದುವ ರೀತಿ. ತಮ್ಮ ಬಗ್ಗೆ ಬರೆದುಕೊಂಡ ‘ಅಬೌಟ್’ ಭಾಗಕ್ಕಿಂತ, ಅವರ ಪೋಸ್ಟ್, ಕಾಮೆಂಟ್‌ಗಳು ಕಾಣುವ ‘ಆಕ್ಟಿವಿಟಿ’ ಮುಖ್ಯ. ಅದರಲ್ಲೂ ಅವರು ಬೇರೆಯವರ ಪೋಸ್ಟ್‌ಗೆ ಹಾಕಿದ ಕಾಮೆಂಟ್‌ಗಳನ್ನು ಓದಿ. ಪೋಸ್ಟ್‌ಗಳನ್ನು ಎಷ್ಟೋ ಸಲ ಕಂಪನಿಯ ಮಾರ್ಕೆಟಿಂಗ್‌ನವರು ಬರೆದುಕೊಟ್ಟಿರುತ್ತಾರೆ, ಕಾಮೆಂಟ್ ಮಾತ್ರ ಸಾಮಾನ್ಯವಾಗಿ ಅವರದೇ ಮಾತು. ಯಾವುದಕ್ಕೆ ಕಿರಿಕಿರಿ, ಯಾವುದರಲ್ಲಿ ಆಸಕ್ತಿ ಎಂಬುದು ಅಲ್ಲಿ ಸಿಗುತ್ತದೆ. ಈ ಹುದ್ದೆಗೆ ಬಂದು ಎಷ್ಟು ದಿನವಾಯಿತು ಎಂದೂ ನೋಡಿ. ಹೊಸಬರಿಗೆ ಬೇಗ ಏನಾದರೂ ಮಾಡಿ ತೋರಿಸಬೇಕಿರುತ್ತದೆ. ಹಳಬರಿಗೆ ನಡೆಯುತ್ತಿರುವುದು ಕೆಡದಿದ್ದರೆ ಸಾಕು.

ನೋಡಿದ್ದನ್ನು ಎರಡು ಸಾಲಿನಲ್ಲಿ ಬರೆದಿಡಿ, ತಾರೀಖು ಸಮೇತ. ಕ್ಲೈಂಟ್ ಓದಿದರೆ ನಿಮಗೆ ಮುಜುಗರವಾಗುವಂಥದ್ದನ್ನು ಬರೆಯಬೇಡಿ. ಯುರೋಪ್ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮದ ಪ್ರಕಾರ, ತಮ್ಮ ಬಗ್ಗೆ ಕಂಪನಿ ಏನೇನು ಇಟ್ಟುಕೊಂಡಿದೆ ಎಂದು ಜನ ಕೇಳಿ ಪಡೆಯಬಹುದು.

ಕನೆಕ್ಟ್ ರಿಕ್ವೆಸ್ಟ್ ಕಳಿಸುವಾಗ ಒಂದು ಸಾಲು ಸೇರಿಸಿ. ‘ನಿನ್ನೆ ಹೊಸ ಸಾಫ್ಟ್‌ವೇರ್ ವಿಷಯ ಮಾತಾಡಿದ್ದೆವಲ್ಲ, ಸಂಪರ್ಕದಲ್ಲಿರೋಣ ಅಂತ’ ಎಂದರೆ ಸಾಕು. ಅವರು ಒಪ್ಪಿದ ಮರುಕ್ಷಣವೇ ಉದ್ದನೆಯ ಸೇಲ್ಸ್ ಮೆಸೇಜ್ ಕಳಿಸುವವರಿದ್ದಾರೆ, ದಯವಿಟ್ಟು ಬೇಡ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನ ಸ್ವಂತ ಖಾತೆಗಳಿಗೆ ನೀವಾಗಿ ರಿಕ್ವೆಸ್ಟ್ ಕಳಿಸದಿರುವುದೇ ವಾಸಿ.

ಇನ್ನು ಕಾಮೆಂಟ್. ‘ಕಂಗ್ರಾಟ್ಸ್’ ಎಂದು ಎಲ್ಲರೂ ಒತ್ತುತ್ತಾರೆ, ಯಾರದೂ ನೆನಪಿರುವುದಿಲ್ಲ. ಕ್ಲೈಂಟ್ ತಮ್ಮ ಗೋದಾಮನ್ನು ಹೊಸ ಜಾಗಕ್ಕೆ ಸಾಗಿಸಿದ ಸುದ್ದಿ ಹಾಕಿದ್ದಾರೆ ಅಂದುಕೊಳ್ಳಿ. ‘ಸಾಗಿಸುವಾಗ ಆರ್ಡರ್ ನಿಲ್ಲಿಸಬೇಕಾಯಿತಾ, ಇಲ್ಲ ಹಾಗೇ ನಡೆಸಿದಿರಾ?’ ಎಂದು ಕೇಳಿ. ಆ ಕಷ್ಟ ಪಟ್ಟವರಿಗೆ ಅದನ್ನು ಹೇಳಿಕೊಳ್ಳುವ ಆಸೆ ಇದ್ದೇ ಇರುತ್ತದೆ, ಅಲ್ವಾ? ಅವರ ಉತ್ತರದಲ್ಲಿ ನಿಮಗೆ ಮುಂದಿನ ಕೆಲಸದ ಸುಳಿವೂ ಸಿಗಬಹುದು. ಹಾಗಂತ ಪ್ರತಿ ಪೋಸ್ಟ್‌ಗೂ ಹಾಜರಿ ಹಾಕಿದರೆ ಬೆನ್ನು ಬಿದ್ದ ಹಾಗೆ ಕಾಣುತ್ತದೆ. ನೀವು ಮಾಡಿಕೊಟ್ಟ ಕೆಲಸದ ಬಗ್ಗೆಯೇ ದೂರು ಹಾಕಿದ್ದರೆ ಅಲ್ಲೇ ವಾದಕ್ಕಿಳಿಯಬೇಡಿ. ‘ನೋಡಿದೆ, ಈಗಲೇ ಫೋನ್ ಮಾಡುತ್ತೇನೆ’ ಎಂದು ಬರೆದು, ನಿಜಕ್ಕೂ ಫೋನ್ ಮಾಡಿ.

ಎದುರು ಕೂತು ಮಾತಾಡುವಾಗ ಜಾಸ್ತಿ ಎಚ್ಚರ ಬೇಕು. ಅವರು ಕೆಲಸದ ಬಗ್ಗೆ ಬರೆದದ್ದನ್ನು ಧಾರಾಳವಾಗಿ ಎತ್ತಬಹುದು. ಮಕ್ಕಳ ಫೋಟೊ, ಪ್ರವಾಸ, ಮನೆಯ ಕಾಯಿಲೆ ಕಣ್ಣಿಗೆ ಬಿದ್ದಿದ್ದರೂ ಅವರೇ ಹೇಳುವ ತನಕ ಸುಮ್ಮನಿರಿ. ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಅವರು ಕೇಳಿದರೆ ತಡವರಿಸದೆ ಉತ್ತರ ಹೇಳಬಹುದಾ ಎಂದು ಯೋಚಿಸಿ. ಆಗದಿದ್ದರೆ ಆ ವಿಷಯ ಬೇಡ.

ಕೊನೆಗೆ, ತುಂಬಾ ಜನ ಬಿಟ್ಟುಬಿಡುವ ಒಂದು ಕೆಲಸ. ಮುಖ್ಯ ಕ್ಲೈಂಟ್‌ಗಳ ಪ್ರೊಫೈಲ್‌ನಲ್ಲಿರುವ ಗಂಟೆಯ (ಬೆಲ್) ಗುರುತನ್ನು ಒತ್ತಿಡಿ, ಅವರು ಪೋಸ್ಟ್ ಹಾಕಿದರೆ ಸೂಚನೆ ಬರುತ್ತದೆ. ಯಾರಾದರೂ ಕಂಪನಿ ಬದಲಿಸಿದ್ದು ಕಂಡರೆ ಅದೇ ವಾರ ಇಬ್ಬರಿಗೆ ಬರೆಯಿರಿ. ಹೋದವರಿಗೆ ಶುಭಾಶಯ ಹೇಳಿ. ಅವರ ಜಾಗಕ್ಕೆ ಬಂದವರಿಗೆ, ಈವರೆಗೆ ನಡೆದಿರುವ ಕೆಲಸದ ವಿವರವನ್ನು ಒಂದೇ ಪುಟದಲ್ಲಿ ಕಳಿಸಿ.